ಹೃದ್ರೋಗಿಯ ಮನಸ್ಸಿನ ಶುಶ್ರೂಷೆ

ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು, 46 ವರ್ಷ ವಯಸ್ಸಿನಲ್ಲಿ, ಹೃದಯಸ್ತಂಭನದಿಂದ ಮೃತರಾದುದನ್ನು ನಾಡು ಮರೆತಿಲ್ಲ. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಿಂದ ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ದೊರೆಯುತ್ತಿದೆ. ಪ್ರಾಣವುಳಿದ ಮೇಲಿನ ಶುಶ್ರೂಷೆಯಾದರೋ ಮನೆಯವರದು.

ಹೃದಯಾಘಾತವಾಗಿ ಆಸ್ಪತ್ರೆಯಿಂದ ಶಂಕರಘಟ್ಟದ ಮನೆಗೆ ಮರಳಿದಾಗ, ನೋವಿಗಿಂತ ಭಯವೇ ನಮ್ಮನ್ನು ಹೆಚ್ಚಾಗಿ ಕಾಡಿತು. ಎದೆ ಕೊಂಚ ಹೊಡೆದುಕೊಂಡರೂ ಮೃತ್ಯುವೇ ಬಂದಂತೆ ತೋರುತ್ತಿತ್ತು. ಮನೆಯವರು ಪ್ರೀತಿಯಿಂದಲೇ ನೀರಿನ ಚೊಂಬನ್ನೂ ಎತ್ತಗೊಡಲಿಲ್ಲ. ಬದುಕಿಯೂ ನಿರುಪಯೋಗಿಯಾದೆವೆಂಬ ವಿಷಾದವು ಕವಿಯಿತು. ಇಂತಹ ತೀವ್ರ ವಿಷಾದವು ಸುಮಾರು ಐವರು ರೋಗಿಗಳಲ್ಲಿ ಒಬ್ಬರಿಗೆ ಉಂಟಾಗುವುದೆಂದೂ, ಅದು ಹೃದಯಕ್ಕೂ ಕೇಡೆಂದೂ ವೈದ್ಯರು ತಿಳಿಸಿದರು.

ಅವರ ಅನುಮತಿ ಪಡೆದು ನಮ್ಮ ಗೃಹಿಣಿಯು ಮೊಮ್ಮಗನ ಅಮರಕೋಶದ ಪಾಠವನ್ನು ನಮಗೆ ಒಪ್ಪಿಸಿದಳು. ಮೊದಲು ಅಂಗಳದವರೆಗೆ, ಬಳಿಕ ಕುವೆಂಪು ವಿಶ್ವವಿದ್ಯಾನಿಲಯದ ಬಾಗಿಲಿನವರೆಗೆ ಜೊತೆಯಲ್ಲಿ ನಡೆದಳು. ನಮ್ಮ ಭಯವನ್ನು ಹಾಸ್ಯಮಾಡದೆ ಆಲಿಸಿದಳು. ಕ್ರಮೇಣ ನಿದ್ರೆಯೂ ಮರಳಿತು.

ಆದುದರಿಂದ ಗೃಹಸ್ಥರೆ, ಹೃದ್ರೋಗಿಗೆ ಹೊತ್ತಿಗೆ ಸರಿಯಾಗಿ ಮಾತ್ರೆಯನ್ನು ಕೊಡಿರಿ. ಅವನು ಮಾಡಬಲ್ಲ ಒಂದು ಕೆಲಸವನ್ನೂ ಕೊಡಿರಿ. ಎರಡು ವಾರವಾದರೂ ವಿಷಾದವು ತಗ್ಗದಿದ್ದರೆ ನಾಚದೆ ವೈದ್ಯರಿಗೆ ತಿಳಿಸಿರಿ. ಎದೆನೋವು ಮರುಕಳಿಸಿದರಂತೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.