ಎ ಪ್ಲಸ್ ಇದ್ದರೂ ಲೆಕ್ಕಕ್ಕಿಲ್ಲ: ನವೋದಯದ ಅರ್ಜಿ ತುಂಬೋ ಮುಂಚೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದು ಈ ಕಾಲೇಜು ಸೇರಿದ ನಮಗೆ ವರ್ಷಕ್ಕೊಮ್ಮೆ ಊರಿಂದ ಒಂದು ಫೋನ್ ಬಂದೇ ಬರುತ್ತೆ. “ನಮ್ಮ ಹುಡುಗಂಗೆ ನವೋದಯ ಅರ್ಜಿ ಹಾಕ್ಬೇಕು, ಒಂಚೂರು ನೋಡಪ್ಪ.” ಆನ್‌ಲೈನ್ ಅಂದರೆ ಇಂಜಿನಿಯರಿಂಗ್ ಹುಡುಗರ ಕೆಲಸ ಅಂತ ಎಲ್ಲರ ನಂಬಿಕೆ. ಅರ್ಜಿ ತುಂಬೋದು ಕಷ್ಟ ಏನಲ್ಲ. ಕಷ್ಟ ಇರೋದು ಅಲ್ಲಿನ ಅಂಕದ ಲೆಕ್ಕವನ್ನು ಮನೆಯವರಿಗೆ ಅರ್ಥ ಮಾಡಿಸೋದರಲ್ಲಿ.

ನಮ್ಮ ಭಾಗದ ಜವಾಹರ್ ನವೋದಯ ವಿದ್ಯಾಲಯ ಇರೋದು ಕೂಡ್ಲಿಗಿ ತಾಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಬಂದ ಯೋಜನೆ ಇದು. ಆರರಿಂದ ಹನ್ನೆರಡರವರೆಗೆ ಅಲ್ಲೇ ಊಟ, ವಸತಿ, ಸಿಬಿಎಸ್‌ಇ ಪಾಠ. ಆರನೇ ಕ್ಲಾಸಿಗೆ 80 ಸೀಟು.

ಮನೆಯವರು ಮೊದಲು ತೋರಿಸೋದು ಶಾಲೆಯ ಪ್ರಗತಿ ಪತ್ರ. ನಮ್ಮ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಎ ಪ್ಲಸ್, ಎ, ಬಿ ಪ್ಲಸ್ ಅಂತ ಗ್ರೇಡು ಕೊಡ್ತಾರೆ. 90 ದಾಟಿದರೆ ಎ ಪ್ಲಸ್. ಅದನ್ನು ನೋಡಿ “ಇವನಿಗೆ ಸೀಟು ಗ್ಯಾರಂಟಿ” ಅಂದುಬಿಡ್ತಾರೆ. ನವೋದಯದವರು ಆ ಗ್ರೇಡನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಐದನೇ ಕ್ಲಾಸಿನಲ್ಲಿ ಓದ್ತಿರುವಾಗ ಬರೆಯೋ ಒಂದೇ ಪರೀಕ್ಷೆ, ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಒಂದು ಪ್ರಶ್ನೆಗೆ 1.25. ಎರಡನೇ ಸಲ ಬರೆಯೋಕೆ ಅವಕಾಶ ಇಲ್ಲ. (ಹಳೇ ಗೈಡುಗಳಲ್ಲಿ ಇನ್ನೂ 100 ಪ್ರಶ್ನೆ ಇರುತ್ತೆ, ಅದನ್ನು ಕೊಳ್ಳಬೇಡಿ.)

ಆ 80ರಲ್ಲಿ 20 ಗಣಿತ, 20 ಭಾಷೆ. ಉಳಿದ 40 ಪ್ರಶ್ನೆ, ಅಂದ್ರೆ ಸರಿಯಾಗಿ ಅರ್ಧ ಅಂಕ, ಬರೀ ಚಿತ್ರ. ಬೇರೆಯಾದ ಚಿತ್ರ ಗುರುತಿಸು, ಅರ್ಧ ಆಕಾರ ಪೂರ್ತಿ ಮಾಡು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ ಹೇಳು, ಇಂಥವು. ಚೌಕದ ಕಾಗದವನ್ನು ಎರಡು ಸಲ ಮಡಚಿ, ಎಲ್ಲಾ ಮಡಿಕೆ ದಾಟೋ ಹಾಗೆ ಒಂದು ತೂತು ಹೊಡೆದರೆ ಬಿಚ್ಚಿದಾಗ ನಾಲ್ಕು ತೂತು. ಅವು ಎಲ್ಲೆಲ್ಲಿ ಬಿದ್ದಿರುತ್ತವೆ ಅನ್ನೋದೇ ಪ್ರಶ್ನೆ. ಯಾವ ಪಠ್ಯಪುಸ್ತಕದಲ್ಲೂ ಇದು ಪಾಠವಾಗಿ ಬರಲ್ಲ. ಆದರೆ ಇಲ್ಲಿ ಭಾಷೆ ಅಡ್ಡ ಬರಲ್ಲ, ಕಾನ್ವೆಂಟ್ ಮಗುವಿಗೂ ಹಳ್ಳಿ ಶಾಲೆ ಮಗುವಿಗೂ ಅದೇ ಚಿತ್ರ. ಚುಕ್ಕಿ ರಂಗೋಲಿ ಹಾಕಿ ರೂಢಿ ಇರೋ ಮಕ್ಕಳಿಗೆ ಇದು ಬೇಗ ಹತ್ತುತ್ತೆ ಅಂತ ನಮ್ಮ ಅಂದಾಜು. ಮನೆಯಲ್ಲಿ ಹಳೇ ಪೇಪರ್ ಮಡಚಿ ಕತ್ತರಿಸಿ ತೋರಿಸಿ, ಕಾಸಿನ ಖರ್ಚಿಲ್ಲ.

ತಪ್ಪಿಗೆ ಅಂಕ ಕಳೆಯಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನಾಲ್ಕು ಆಯ್ಕೆ ಇರೋ ಹತ್ತು ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರ ತುಂಬಿದರೂ ಸರಾಸರಿ ಎರಡೂವರೆ ಸರಿಯಾಗುತ್ತೆ, ಅಂದ್ರೆ ಮೂರು ಅಂಕದ ಮೇಲೆ. ಪ್ರಾಬಬಿಲಿಟಿ ಪಾಠ ಒಂದು ಕೆಲಸಕ್ಕಾದರೂ ಬಂತಲ್ಲ!

ಈಗ ಬರೋ ವಿಷಯ ಮನೆಯವರಿಗೆ ಐದನೇ ಕ್ಲಾಸಿನಲ್ಲಿ ಹೇಳಿದರೆ ತಡ, ಎರಡನೇ ಕ್ಲಾಸಿನಲ್ಲೇ ಹೇಳಬೇಕು. 80 ಸೀಟಿನಲ್ಲಿ ಕನಿಷ್ಠ ಶೇ. 75, ಅಂದ್ರೆ 60, ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಅನ್ನೋದನ್ನು ಮನೆ ನೋಡಿ ತೀರ್ಮಾನ ಮಾಡಲ್ಲ, ಶಾಲೆ ನೋಡಿ ಮಾಡ್ತಾರೆ. ಮೂರು, ನಾಲ್ಕು, ಐದನೇ ಕ್ಲಾಸು ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಡುವೆ ಒಂದೇ ಒಂದು ದಿನ ಪಟ್ಟಣದ ಶಾಲೆಗೆ ಹೋಗಿದ್ದರೂ ಆ ಮಗು ನಗರದ ಅಭ್ಯರ್ಥಿ. ನಮ್ಮ ಕಡೆ ಏನಾಗಿದೆ ನೋಡಿ: ಹೊಲ, ಮನೆ ಎಲ್ಲ ಹಳ್ಳಿಯಲ್ಲಿ, ಮಗು ಮಾತ್ರ ಬೆಳಿಗ್ಗೆ ಹಳದಿ ವ್ಯಾನ್ ಹತ್ತಿ ಕೊಟ್ಟೂರಿನ ಇಂಗ್ಲಿಷ್ ಮೀಡಿಯಂಗೆ. ಶಾಲೆ ಇರೋದು ಪಟ್ಟಣ ಪಂಚಾಯಿತಿ ಇಲ್ಲ ಪುರಸಭೆಯ ವ್ಯಾಪ್ತಿಯಲ್ಲಾದರೆ 60ರ ಬಾಗಿಲು ಮುಚ್ಚಿತು. ಉಳಿದ 20 ಎಲ್ಲರಿಗೂ ಮುಕ್ತ, ಅಲ್ಲಿ ಹಳ್ಳಿ ಮಕ್ಕಳೂ ಸ್ಪರ್ಧೆಗೆ ಇರ್ತಾರೆ. ನಾವೂ ಬಹಳಷ್ಟು ಜನ ಅದೇ ವ್ಯಾನಿನಲ್ಲಿ ಬೆಳೆದವರೇ. ಫೀಸು ಕಟ್ಟಿ ಒಳ್ಳೇದು ಮಾಡಿದ್ವಿ ಅಂದುಕೊಂಡ ಅಪ್ಪ-ಅಮ್ಮನಿಗೆ ಇದನ್ನು ಹೇಳೋಕೆ ಬಾಯೇ ಬರಲ್ಲ.

ಇನ್ನು ಜಿಲ್ಲೆಯ ಗೋಜಲು. ಮಗು ಓದ್ತಿರೋ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ದಾವಣಗೆರೆಯ ನವೋದಯ ಇರೋದು ಚನ್ನಗಿರಿ ತಾಲೂಕಿನ ದೇವರಹಳ್ಳಿಯಲ್ಲಿ. ಅಣ್ಣ ಬರೆದ ಶಾಲೆಗೇ ತಮ್ಮನೂ ಬರೀತಾನೆ ಅನ್ನೋ ಹಾಗಿಲ್ಲ. ಜಿಲ್ಲೆ ಒಡೆದು ಹೊಸ ನವೋದಯ ಶುರು ಆಗದಿದ್ದರೆ ಹಳೇ ಗಡಿಯೇ ಲೆಕ್ಕ, ಅದೇ 80 ಸೀಟಿಗೆ ಬಳ್ಳಾರಿ ಕಡೆಯವರೂ ಪಾಲುದಾರರು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 28 ಹೊಸ ನವೋದಯಗಳಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು ಒಂದೇ, ಅದು ಬಳ್ಳಾರಿಗೆ.

ಒಳಗೆ ಹೋದ ಮೇಲೆ ಗ್ರೇಡಿನ ಅರ್ಥ ಮತ್ತೆ ಬದಲು. ಹತ್ತನೇ ಕ್ಲಾಸಿನಲ್ಲಿ ಸಿಬಿಎಸ್‌ಇ ಆ ವಿಷಯದಲ್ಲಿ ಪಾಸಾದವರನ್ನು ಅಂಕದ ಪ್ರಕಾರ ಸಾಲು ನಿಲ್ಲಿಸಿ, ಮೊದಲ ಎಂಟನೇ ಒಂದು ಭಾಗಕ್ಕೆ ಎ1, ಮುಂದಿನ ಭಾಗಕ್ಕೆ ಎ2 ಕೊಡುತ್ತೆ. ಎ1 ಅಂದ್ರೆ 90ರ ಮೇಲೆ ಅಂತಲ್ಲ.

ಅರ್ಜಿಗೆ ಮುಖ್ಯ ಶಿಕ್ಷಕರ ಸಹಿ ಇರೋ ಪ್ರಮಾಣಪತ್ರ, ಫೋಟೋ, ಮಗುವಿನ ಮತ್ತು ಪೋಷಕರ ಸಹಿ ಬೇಕು. ಪರೀಕ್ಷೆ ಯಾವ ಭಾಷೆಯಲ್ಲಿ ಅಂತ ಅರ್ಜಿಯಲ್ಲೇ ಆರಿಸಬೇಕು. ನಮಗೆ ಫೋನ್ ಮಾಡೋದಾದರೆ ಕೊನೇ ದಿನ ರಾತ್ರಿ ಬೇಡ, ಮೇಷ್ಟ್ರ ಸಹಿ, ಸೀಲು ಆದ ತಕ್ಷಣ ಮಾಡಿ.