ಪ್ರಾರ್ಥನೆಯಲ್ಲಿ ವಿವೇಕ

ದೇವರನ್ನು ಬೇಡುವುದು ಎಲ್ಲರಿಗೂ ಬರುತ್ತದೆ. ಬೇಡಿದ ಮೇಲೆ ಅಂತರಂಗದಲ್ಲಿ ಏಳುವ ನಾನಾ ಧ್ವನಿಗಳಲ್ಲಿ ದೇವರದು ಯಾವುದು, ಆಸೆಯದು ಯಾವುದು, ಭಯದ್ದು ಯಾವುದು ಎಂದು ತಿಳಿಯುವುದು ಕೆಲವರಿಗೆ ಮಾತ್ರ ಬರುತ್ತದೆ. ಈ ತಿಳಿವಿಗೆ ನಮ್ಮ ಹಿರಿಯರು ವಿವೇಕವೆಂದು ಹೆಸರಿಟ್ಟರು. ಆ ಶಬ್ದವು ‘ಬೇರ್ಪಡಿಸು’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಪವಿತ್ರಾತ್ಮನ ವರಗಳನ್ನು ಎಣಿಸುವಾಗ, ಆತ್ಮಗಳನ್ನು ವಿವೇಚಿಸುವ ವರಕ್ಕೆ ಬಳಸಿರುವ ಗ್ರೀಕ್ ಶಬ್ದದಲ್ಲಿಯೂ ಬೇರ್ಪಡಿಸುವುದೆಂಬ ಅರ್ಥವೇ ಅಡಗಿದೆ. ಕ್ರೈಸ್ತರ ಪ್ರಾರ್ಥನೆಯಲ್ಲಿ ಈ ಕಾರ್ಯವು ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ವಿಚಾರಿಸುವೆವು. ಯಾವ ಮತದ ಗೃಹಸ್ಥರಿಗೂ ಇದರಿಂದ ಪ್ರಯೋಜನವುಂಟೆಂದು ನಮ್ಮ ನಂಬಿಕೆ.

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿರುವ ಅತ್ತಿಗುಂಡಿಯ ಸುತ್ತಿನಲ್ಲಿ ಕಾಫಿಯೇ ಜೀವನಾಧಾರ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಈ ಸೀಮೆಯಲ್ಲಿ ಕ್ರೈಸ್ತ ಕುಟುಂಬಗಳೂ ಇವೆ. 1963ರಲ್ಲಿ ಚಿಕ್ಕಮಗಳೂರು ಕಥೋಲಿಕರ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಅಂಥ ಕುಟುಂಬದ ಒಬ್ಬ ಸಣ್ಣ ಬೆಳೆಗಾರನನ್ನು ಊಹಿಸಿಕೊಳ್ಳೋಣ. ತಂದೆ ಬಿಟ್ಟುಹೋದ ಮೂರು ಎಕರೆ ತೋಟ, ತೀರದ ಸಾಲ, ಮನೆ ಬಿಟ್ಟು ಬರಲೊಲ್ಲದ ವೃದ್ಧ ತಾಯಿ, ಪಟ್ಟಣದಲ್ಲಿ ಓದಿಸಬೇಕಾದ ಮಗಳು. ತೋಟವನ್ನು ಕೊಳ್ಳುವವನು ಬಂದು ಉತ್ತರ ಕೇಳುತ್ತಿದ್ದಾನೆ. ಮಾರಬೇಕೋ, ಉಳಿಸಿಕೊಳ್ಳಬೇಕೋ? ಎರಡರಲ್ಲಿ ಯಾವುದೂ ಪಾಪವಲ್ಲ, ಆದುದರಿಂದಲೇ ಸಂಕಟ. ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿದವನಿಗೂ ಅಲ್ಲಿ ಇದಕ್ಕೆ ನೇರವಾದ ಉತ್ತರ ಸಿಕ್ಕದು.

ಇಂಥ ಸಮಯದಲ್ಲಿ ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು, ಬೆರಳು ತಾಗಿದ ವಾಕ್ಯವನ್ನೇ ದೇವಾಜ್ಞೆಯೆಂದು ಹಿಡಿಯುವವರುಂಟು. ಇದು ಶಕುನ ಕೇಳಿದಂತಾಗುವುದೇ ಹೊರತು ವಿವೇಕವೆನಿಸದು. ಅರಸನಾದ ಸೊಲೊಮೋನನಿಗೆ ದೇವರು ಬೇಕಾದುದನ್ನು ಕೇಳಿಕೋ ಎಂದಾಗ, ಅವನು ಐಶ್ವರ್ಯವನ್ನಾಗಲಿ ಶತ್ರುನಾಶವನ್ನಾಗಲಿ ಬೇಡಲಿಲ್ಲ. ಅವನು ಬೇಡಿದುದು, ಹೀಬ್ರೂ ಮೂಲದ ಪ್ರಕಾರ, ‘ಆಲಿಸುವ ಹೃದಯ’ವನ್ನು. ಪ್ರಾರ್ಥಿಸುವವನು ಮೊದಲು ಬೇಡತಕ್ಕದ್ದೂ ಅದನ್ನೇ.

ಆಲಿಸುವ ಕ್ರಮವನ್ನು ಶಾಸ್ತ್ರದಂತೆ ವ್ಯವಸ್ಥೆಗೊಳಿಸಿದವರಲ್ಲಿ ಪ್ರಮುಖನು ಯೇಸುಸಭೆಯ ಸ್ಥಾಪಕನಾದ ಲೊಯೋಲದ ಸಂತ ಇಗ್ನೇಷಿಯಸ್. ಆ ಸಭೆಯ ಲಿಯೊನಾರ್ಡೊ ಚಿನ್ನಾಮಿ ಎಂಬ ಪಾದ್ರಿಯು 17ನೆಯ ಶತಮಾನದ ಮಧ್ಯದಲ್ಲಿಯೇ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಕನ್ನಡದಲ್ಲಿ ಗ್ರಂಥರಚನೆಯನ್ನೂ ಮಾಡಿದನು. ಇಗ್ನೇಷಿಯಸನು ಮೊದಲು ಯೋಧನಾಗಿದ್ದವನು. 1521ರಲ್ಲಿ ಪಾಂಪ್ಲೋನದ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡಿನಿಂದ ಕಾಲು ಮುರಿದು, ತಿಂಗಳುಗಟ್ಟಲೆ ಹಾಸಿಗೆ ಹಿಡಿದನು. ಓದಲು ವೀರರ ಕಥೆಗಳನ್ನು ಕೇಳಿದನು. ಮನೆಯಲ್ಲಿದ್ದುದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆಗಳು ಮಾತ್ರ. ರಾಜಸೇವೆಯ ಕನಸನ್ನು ಕಂಡಾಗಲೂ ಅವನಿಗೆ ಹರ್ಷವಾಗುತ್ತಿತ್ತು, ಸಂತರಂತೆ ಬಾಳುವೆನೆಂದು ನೆನೆದಾಗಲೂ ಹರ್ಷವಾಗುತ್ತಿತ್ತು. ಆದರೆ ಮೊದಲನೆಯ ಹರ್ಷವು ಕಳೆದಮೇಲೆ ಮನಸ್ಸು ಬರಡಾಗುತ್ತಿತ್ತು. ಎರಡನೆಯದು ಕಳೆದಮೇಲೂ ತೃಪ್ತಿ ನಿಲ್ಲುತ್ತಿತ್ತು. ಈ ಭೇದವನ್ನು ಗಮನಿಸಿದುದೇ ಅವನ ವಿವೇಕದ ಮೊದಲ ಪಾಠ. ಮುಂದೆ ಅವನು ರಚಿಸಿದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಗ್ರಂಥಕ್ಕೆ 1548ರಲ್ಲಿ ಮೂರನೆಯ ಪೌಲ್ ಎಂಬ ಜಗದ್ಗುರುಗಳ ಒಪ್ಪಿಗೆ ದೊರೆಯಿತು.

ಆ ಗ್ರಂಥದಿಂದ ಗೃಹಸ್ಥನು ಕಲಿಯತಕ್ಕವು ಕೆಲವುಂಟು. ಪ್ರಾರ್ಥನೆಗೆ ಕುಳಿತಾಗ ಮನಸ್ಸು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು. ಮಾರುವುದೆಂದು ಮೊದಲೇ ನಿಶ್ಚಯಿಸಿ, ದೇವರ ರುಜುವನ್ನು ಮಾತ್ರ ಬೇಡುವುದು ಸಲ್ಲದು. ಮನಸ್ಸು ಕುಗ್ಗಿ ಕತ್ತಲೆ ಕವಿದ ಸಮಯದಲ್ಲಿ ಹಿಂದಿನ ಸತ್ಸಂಕಲ್ಪವನ್ನು ಬದಲಾಯಿಸಬಾರದು; ಸಾಲದ ನೋಟೀಸು ಬಂದ ರಾತ್ರಿಯೇ ಹತಾಶೆಯಿಂದ ಕ್ರಯಪತ್ರವನ್ನು ನೆನೆಯುವುದು ಯುಕ್ತವಲ್ಲ. ಎರಡು ಪಕ್ಷಗಳ ಲಾಭನಷ್ಟಗಳನ್ನೂ ಎಣಿಸಬೇಕು. ಬುದ್ಧಿಯೂ ದೇವರು ಕೊಟ್ಟುದೇ. ಇದೇ ಸ್ಥಿತಿಯಲ್ಲಿರುವ ಅಪರಿಚಿತನೊಬ್ಬನಿಗೆ ಏನು ಹೇಳುತ್ತಿದ್ದೆ, ಮರಣಕಾಲದಲ್ಲಿ ಯಾವುದನ್ನು ಮಾಡಿದ್ದರೆ ಚೆನ್ನಾಗಿತ್ತೆಂದು ತೋರೀತು ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ದಿನದ ಕೊನೆಯಲ್ಲಿ ಕೃತಜ್ಞತೆಯಿಂದ ಕುಳಿತು, ಅಂದಿನ ನಡೆನುಡಿಗಳನ್ನು ಪರೀಕ್ಷಿಸಿ, ತಪ್ಪಿಗೆ ಕ್ಷಮೆ ಬೇಡಿ, ನಾಳೆಗೆ ಸಂಕಲ್ಪ ಮಾಡಬೇಕು.

ಪ್ರಾರ್ಥನೆಯಲ್ಲಿ ಬಂದ ಸಂತೋಷವೆಲ್ಲ ದೇವರದೇ ಎನ್ನುವಂತಿಲ್ಲ. ಸೈತಾನನೂ ಬೆಳಕಿನ ದೂತನ ವೇಷವನ್ನು ಹಾಕುತ್ತಾನೆಂದು ಪೌಲನೇ ಎಚ್ಚರಿಸಿದ್ದಾನೆ. ಹೂಮಳೆ ಬಿದ್ದ ಕೆಲವು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗಿ ಪರಿಮಳ ತುಂಬುತ್ತದೆ. ಆದರೂ ಬೆಳೆಗಾರನು ಆ ಹೂವನ್ನೇ ಫಸಲೆಂದು ಲೆಕ್ಕ ಬರೆಯುವುದಿಲ್ಲ. ಮತ್ತೊಂದು ಮಳೆ ಬರಬೇಕು, ಕಾಯಿ ಕಚ್ಚಬೇಕು, ತಿಂಗಳುಗಳು ಕಳೆದು ಹಣ್ಣಾಗಬೇಕು. ಭಾವದ ಪರೀಕ್ಷೆಯೂ ಹೀಗೆಯೇ. ನನ್ನ ನಿಶ್ಚಯದಿಂದ ಪ್ರೀತಿ, ತಾಳ್ಮೆ, ದಯೆ ಹೆಚ್ಚಿದುವೇ? ತಾಯಿಯೊಡನೆ ಮೃದುವಾಗಿ ಮಾತಾಡಲು ಆಯಿತೇ? ಹೆಂಡತಿಯ ಮುಂದೆ ಮುಚ್ಚಿಡಬೇಕಾದುದು ಏನಾದರೂ ಅದರಲ್ಲಿದೆಯೇ? ಮುಚ್ಚಿಡಬೇಕೆನ್ನುವ ಪ್ರೇರಣೆಯನ್ನು ಇಗ್ನೇಷಿಯಸನು ಶತ್ರುವಿನ ಗುರುತೆಂದೇ ಎಣಿಸಿದನು. ಆದುದರಿಂದ ಅನುಭವಿಯಾದ ಒಬ್ಬ ಹಿರಿಯರ ಮುಂದೆ ಮನಸ್ಸನ್ನು ತೆರೆದಿಡುವುದು ಕ್ಷೇಮಕರ.

ದೇವರು ಒಪ್ಪಿದ ದಾರಿಯಲ್ಲಿ ದುಃಖವಿರದೆಂದು ಯಾರೂ ಭಾವಿಸಬಾರದು. ಗೆತ್ಸೆಮನೆಯ ತೋಟದಲ್ಲಿ ಯೇಸುಸ್ವಾಮಿಯು ಸಂಕಟಪಟ್ಟು, ಕಷ್ಟದ ಪಾತ್ರೆ ತೊಲಗಲೆಂದೇ ಮೊದಲು ಬೇಡಿದನು. ಬಳಿಕ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿದನು. ಪಾತ್ರೆ ತೊಲಗಲಿಲ್ಲ, ಅವನು ಎದ್ದು ನಡೆದನು.

ನಮ್ಮ ಬೆಳೆಗಾರನು ಮಾರಲಿ, ಉಳಿಸಿಕೊಳ್ಳಲಿ, ಕಣ್ಣೀರು ತಪ್ಪದು. ಮಾರಿದರೆ ತಾಯಿಯದು, ಉಳಿಸಿಕೊಂಡರೆ ಮಗಳದೂ ಇರಬಹುದು. ಯಾವುದು ಸರಿಯೆಂದು ಹೊರಗಿನವರಾದ ನಾವು ಹೇಳಲಾರೆವು. ಅವನು ಭಯದಿಂದಲೂ ಲೋಭದಿಂದಲೂ ನಿಶ್ಚಯಿಸದೆ, ಅವರಿಬ್ಬರ ಮುಖವನ್ನೂ ನೇರವಾಗಿ ನೋಡಿ ಕಾರಣವನ್ನು ಹೇಳಬಲ್ಲವನಾದರೆ, ಅವನ ಪ್ರಾರ್ಥನೆಯು ವ್ಯರ್ಥವಾಗಲಿಲ್ಲ.