ಆಡದೆ ಉಳಿದ ಮಾತು

ಮಹಾಲಯ ಅಮಾವಾಸ್ಯೆ ಕಳೆದ ಮರುದಿನವೇ ಮೈಸೂರಿಗೆ ನವರಾತ್ರಿ ಬರುತ್ತದೆ. ಪಿತೃಗಳಿಗೆ ಎಳ್ಳುನೀರು ಬಿಟ್ಟ ಮನೆಯಲ್ಲಿಯೇ ಬೆಳಗಾದರೆ ಬೊಂಬೆಗಳ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯುತ್ತದೆ. ಆದರೆ ಪ್ರತಿ ವರ್ಷವೂ ಪ್ರತಿ ಬೀದಿಯಲ್ಲಿಯೂ ಒಂದೆರಡು ಮನೆಗಳಲ್ಲಿ ಬೊಂಬೆ ಕೂರುವುದಿಲ್ಲ. ನೆರೆಹೊರೆಯವರು ಕಾರಣವನ್ನು ಕೇಳುವುದಿಲ್ಲ. ಆ ಮನೆಯಲ್ಲಿ ಯಾರೋ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲವೆಂದು ಎಲ್ಲರಿಗೂ ಗೊತ್ತು.

ಕೆಲವು ವರ್ಷಗಳ ಹಿಂದೆ ಸರಸ್ವತಿಪುರದ ನಮ್ಮ ಮನೆಯೂ ಅಂಥದಾಗಿತ್ತು. ನಮ್ಮ ತಾಯಿ ಹತ್ತು ತಿಂಗಳ ಕಾಲ ಜಠರದ ಕ್ಯಾನ್ಸರಿನಿಂದ ನರಳಿ ತೀರಿಕೊಂಡಿದ್ದರು. ರೋಗದ ಹೆಸರನ್ನು ನಾವು ಅವರಿಗೆ ಕೊನೆಯವರೆಗೂ ಹೇಳಲಿಲ್ಲ. ‘ಹೊಟ್ಟೆಯಲ್ಲಿ ಹುಣ್ಣಾಗಿದೆ, ಮಾಗುತ್ತದೆ’ ಎಂದಷ್ಟೇ ಹೇಳಿದ್ದೆವು. ಬೆಂಗಳೂರಿಗೆ ಕರೆದೊಯ್ದು ಮರಳುವ ಪ್ರತಿ ಸಲವೂ ವೈದ್ಯರ ಕಾಗದಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಇದನ್ನು ನಾವು ಪ್ರೀತಿಯೆಂದೇ ತಿಳಿದಿದ್ದೆವು.

ಗೌರಿ ಹಬ್ಬದ ಮುನ್ನಾದಿನ ತಾಯಿ ನನ್ನ ಅಕ್ಕನನ್ನು ಹಾಸಿಗೆಯ ಬಳಿಗೆ ಕರೆದು, “ಬರೋ ವರ್ಷದಿಂದ ಬಾಗಿನ ಕೊಡೋದನ್ನೆಲ್ಲ ನೀನೇ ನೋಡಿಕೋಬೇಕು ಕಣಮ್ಮ” ಎಂದರು. ಅಲ್ಲಿಯೇ ನಿಂತಿದ್ದ ನಾನು ಥಟ್ಟನೆ, “ಹಾಗೆಲ್ಲ ಮಾತಾಡಬೇಡ ಅಮ್ಮ, ಇನ್ನು ಹದಿನೈದು ದಿನಕ್ಕೆ ಎದ್ದು ಓಡಾಡ್ತೀಯ” ಎಂದೆ. ತಾಯಿ ನನ್ನನ್ನೊಮ್ಮೆ ನೋಡಿ, ಏನನ್ನೂ ಹೇಳದೆ ಗೋಡೆಯ ಕಡೆಗೆ ಹೊರಳಿಕೊಂಡರು. ಅವರಿಗೆ ಎಲ್ಲವೂ ತಿಳಿದಿತ್ತು. ಅಂದು ಅವರು ಇನ್ನೂ ಏನೇನು ಹೇಳಬೇಕೆಂದಿದ್ದರೋ ಅದನ್ನು ಕೇಳುವ ಭಾಗ್ಯವನ್ನು ನಾನೇ ಕಳೆದುಕೊಂಡೆ.

ತಂದೆಯನ್ನೋ ತಾಯಿಯನ್ನೋ ಈ ರೋಗಕ್ಕೆ ಒಪ್ಪಿಸಿದ ಎಷ್ಟೋ ಮಂದಿ ಇಂಥ ಒಂದು ನೆನಪನ್ನು ಹೊತ್ತುಕೊಂಡೇ ಬಾಳುತ್ತಿದ್ದಾರೆ. ಮೃತ್ಯುವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಮೃತ್ಯುವಿನ ಮುಂಚೆ ಹಾಗೂ ಅನಂತರ ಮನೆಯಲ್ಲಿ ಕವಿಯುವ ಮೌನವನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿಯೇ ಇದೆ.

ಒಂದು ಮನೆತನದ ಕಥೆ

ಈ ಊರಿನಲ್ಲಿಯೇ ಬಾಳಿದ ಒಂದು ಪ್ರಸಿದ್ಧ ಮನೆತನದ ಉದಾಹರಣೆಯನ್ನು ನೋಡಬಹುದು. ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರ ತಂದೆ ಮಹಾರಾಜಾ ಕಾಲೇಜಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಅವರು 1937ರಲ್ಲಿ ಕಾಲವಾದರು. ದೊಡ್ಡ ಸಂಸಾರ, ಮುಂದೆ ವ್ಯಂಗ್ಯಚಿತ್ರಕಾರರಾಗಿ ಹೆಸರಾದ ಕಿರಿಯ ಮಗ ಲಕ್ಷ್ಮಣ್ ಆಗ ಇನ್ನೂ ಎಳೆಯ ವಯಸ್ಸಿನವರು. ಆ ನೋವು ಆರುವ ಮೊದಲೇ, 1939ರಲ್ಲಿ, ನಾರಾಯಣ್ ಅವರ ಪತ್ನಿ ರಾಜಮ್ ಟೈಫಾಯ್ಡ್ ಜ್ವರದಿಂದ ತೀರಿಕೊಂಡರು. ಆ ಜ್ವರಕ್ಕೆ ತಕ್ಕ ಔಷಧವು ಇನ್ನೂ ಲೋಕಕ್ಕೆ ಬಂದಿರಲಿಲ್ಲ. ಕ್ಲೋರಾಂಫೆನಿಕಾಲ್ ಕಂಡುಹಿಡಿದದ್ದೇ 1947ರಲ್ಲಿ. ಹಾಸಿಗೆ ಹಿಡಿದ ಕೆಲವೇ ವಾರಗಳಲ್ಲಿ ಎಲ್ಲವೂ ಮುಗಿದುಹೋಯಿತು. ಮಗಳು ಹೇಮಾಗೆ ಆಗ ಮೂರು ವರ್ಷ.

ನಾರಾಯಣ್ ಬಹುಕಾಲ ಲೇಖನಿಯನ್ನು ಮುಟ್ಟದಾದರು. ಮದರಾಸಿಗೆ ಹೋಗಿ, ಅಗಲಿದವರ ಆತ್ಮಗಳೊಡನೆ ಸಂಭಾಷಿಸಬಲ್ಲೆವೆಂದು ನಂಬಿದ್ದವರ ಬಳಿ ಕುಳಿತು, ಪತ್ನಿಯ ಸಂದೇಶಗಳಿಗಾಗಿ ಕಾದರು. 1974ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಇದನ್ನು ಅವರೇ ಮರೆಮಾಚದೆ ಬರೆದಿದ್ದಾರೆ. ಅದರ ಸತ್ಯಾಸತ್ಯತೆಯ ವಿಚಾರ ಇಲ್ಲಿ ಬೇಡ. ನಾವು ಗಮನಿಸಬೇಕಾದುದು ಆ ಹಂಬಲವನ್ನು. ಅಗಲಿಕೆ ಹಠಾತ್ತಾಗಿ ಬಂದಾಗ ಮನುಷ್ಯನನ್ನು ಕಾಡುವುದು ಮುಗಿಯದೆ ನಿಂತ ಮಾತು.

ನಾರಾಯಣ್ ಅವರನ್ನು ಮತ್ತೆ ಬಾಳಿಗೆ ತಂದವು ಮೂರು. ತಾಯಿ, ತಮ್ಮಂದಿರು, ಅತ್ತಿಗೆ ನಾದಿನಿಯರು ತುಂಬಿದ್ದ ಮನೆ. ಕಣ್ಣೆದುರಿಗೆ ಬೆಳೆಯುತ್ತಿದ್ದ ಮಗು. ಮತ್ತೆ ಕೈಗೆತ್ತಿಕೊಂಡ ಕೆಲಸ. 1941ರಲ್ಲಿ ಅವರು ಮೈಸೂರಿನಲ್ಲಿಯೇ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಮೂರು ಸಂಚಿಕೆಗಳಿಗೇ ಅದು ನಿಂತುಹೋದರೂ ಅವರ ಕೈ ಮತ್ತೆ ಆಡತೊಡಗಿತು. 1945ರಲ್ಲಿ, ಪತ್ನಿ ತೀರಿಹೋದ ಆರು ವರ್ಷಗಳ ಬಳಿಕ, ಆ ದುಃಖವೇ ‘ದಿ ಇಂಗ್ಲಿಷ್ ಟೀಚರ್’ ಎಂಬ ಕಾದಂಬರಿಯಾಗಿ ಹೊರಬಂದಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ತಬ್ಬಲಿಯಾಗಿ ಬೆಳೆದ ಹೇಮಾ ಮದುವೆಯಾಗಿ ತಾಯಿಯಾದರು, ಮದರಾಸಿನಲ್ಲಿ ಸಂಸಾರ ಹೂಡಿದರು. 1994ರಲ್ಲಿ ಕ್ಯಾನ್ಸರ್ ಅವರನ್ನು ಒಯ್ದಿತು. ಆಗ ತಂದೆಗೆ 87 ವರ್ಷ ದಾಟಿತ್ತು. ಒಂದೇ ಮನೆತನದಲ್ಲಿ ಎರಡು ತಲೆಮಾರಿನ ಮಕ್ಕಳು ತಾಯಿಯನ್ನು ಕಳೆದುಕೊಂಡರು. ಒಬ್ಬರ ತಾಯಿಯನ್ನು ಕೆಲವೇ ವಾರಗಳ ಜ್ವರ ಒಯ್ದಿತು, ಮುಂದಿನ ತಲೆಮಾರಿನ ತಾಯಿಯನ್ನು ಕ್ಯಾನ್ಸರ್. 2001ರಲ್ಲಿ ನಾರಾಯಣ್ ತೀರಿಕೊಂಡರು. ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ.

ಹೇಳಬೇಕೆ, ಬೇಡವೆ?

ಟೈಫಾಯ್ಡಿನಂಥ ಜ್ವರ ಅಂದು ಮಾತಿಗೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಕ್ಯಾನ್ಸರ್ ಬಲು ಕ್ರೂರ ರೋಗವಾದರೂ ಬಹಳಷ್ಟು ಸಲ ಒಂದು ವಸ್ತುವನ್ನು ಕೊಡುತ್ತದೆ: ಕಾಲಾವಕಾಶ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು. ನಮ್ಮಂಥ ಎಷ್ಟೋ ಮನೆಗಳು ಆ ಕಾಲವನ್ನು ನಾಟಕವಾಡುವುದರಲ್ಲಿ ಕಳೆಯುತ್ತವೆ. ಮನೆಯವರು ರೋಗಿಗೆ ತಿಳಿಯಬಾರದೆಂದು ನಗುತ್ತಾರೆ. ಮನೆಯವರು ನೊಂದಾರೆಂದು ರೋಗಿಯೂ ನಗುತ್ತಾನೆ. ಒಂದೇ ಸೂರಿನಡಿಯಲ್ಲಿ ಎಲ್ಲರೂ ಒಬ್ಬಂಟಿಗರಾಗುತ್ತಾರೆ.

ಹಾಗೆಂದು ಕಠೋರ ಸತ್ಯವನ್ನು ಒಂದೇ ಉಸಿರಿಗೆ ಹೇಳಿಬಿಡಬೇಕೆಂದು ಅರ್ಥವಲ್ಲ. ಅನುಭವಸ್ಥ ವೈದ್ಯರು ಅನುಸರಿಸುವ ಕ್ರಮವೊಂದಿದೆ. ರೋಗಿಗೆ ಈಗಾಗಲೇ ಏನು ತಿಳಿದಿದೆಯೆಂದು ಅವರು ಮೊದಲು ಕೇಳುತ್ತಾರೆ. ಇನ್ನೂ ಎಷ್ಟನ್ನು ತಿಳಿಯಲು ಇಷ್ಟವೆಂದು ವಿಚಾರಿಸುತ್ತಾರೆ. ಅಷ್ಟನ್ನೇ, ತಡೆದು ತಡೆದು, ಹೇಳುತ್ತಾರೆ. ಮನೆಯವರೂ ಇದನ್ನು ಅನುಸರಿಸಬಹುದು. ‘ನಿನ್ನ ಮನಸ್ಸಿನಲ್ಲಿ ಏನಿದೆಯಮ್ಮ?’ ಎಂಬ ಒಂದು ಪ್ರಶ್ನೆ ಸಾಕು. ಉತ್ತರ ಬಂದಾಗ ಅದನ್ನು ತಡೆಯದೆ ಕೇಳುವ ಧೈರ್ಯವೊಂದಿರಬೇಕು.

ಮಾತನಾಡಬೇಕಾದರೆ ರೋಗಿಗೆ ನೋವು ಕಡಿಮೆಯಾಗಬೇಕು. ಯಾತನೆಯಿಂದ ಮುಲುಗುವವರಿಗೆ ಮಾತೆಲ್ಲಿಯದು? ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಶುಶ್ರೂಷಾಲಯವನ್ನು ತೆರೆದು, ಗುಣವಾಗದ ರೋಗಿಗೂ ನೋವಿನಿಂದ ಬಿಡುಗಡೆ ಕೊಡಬಹುದೆಂದು ತೋರಿಸಿದರು. ದೇಹದ ನೋವಿನೊಡನೆ ಮನಸ್ಸಿನ, ಸಂಸಾರದ, ನಂಬಿಕೆಯ ನೋವೂ ಬೆರೆತಿರುತ್ತದೆಂಬುದು ಅವರ ಮತವಾಗಿತ್ತು. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯಿದೆಯಿಂದಾಗಿ ಮಾರ್ಫಿನ್ ದೊರೆಯುವುದು ಬಹಳ ಕಷ್ಟವಾಗಿತ್ತು. 2014ರ ತಿದ್ದುಪಡಿಯು ಆ ನಿರ್ಬಂಧಗಳನ್ನು ಸಡಿಲಿಸಿತು. ಮಾರ್ಫಿನ್ ಕೊಟ್ಟರೆ ಪ್ರಾಣವೇ ಬೇಗ ಹೋಗುತ್ತದೆಂಬ ಭಯ ನಮ್ಮಲ್ಲಿ ಇನ್ನೂ ಇದೆ. ತಜ್ಞರು ಅಳತೆಯರಿತು ಕೊಟ್ಟರೆ ಅದು ನೋವನ್ನು ಕಳೆಯುತ್ತದೆಯೇ ಹೊರತು ಆಯುಸ್ಸನ್ನಲ್ಲ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1973ರಿಂದ ನಾಡಿನ ರೋಗಿಗಳಿಗೆ ಆಶ್ರಯವಾಗಿದೆ. ಚಿಕಿತ್ಸೆಯಿಂದ ಗುಣವಾಗುವ ಹಂತವನ್ನು ದಾಟಿದವರಿಗಾಗಿ 1994ರಲ್ಲಿ ಆರಂಭವಾದ ಟ್ರಸ್ಟೊಂದು ಬೆಂಗಳೂರಿನಲ್ಲಿ ‘ಕರುಣಾಶ್ರಯ’ವನ್ನು ನಡೆಸುತ್ತಿದೆ, ಅಲ್ಲಿ ಶುಶ್ರೂಷೆಗೆ ಹಣ ಕೇಳುವುದಿಲ್ಲ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯವರು ರೋಗಿಯ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸವನ್ನು ಕೈಗೊಂಡಿದ್ದಾರೆ. ಇಂಥವರ ಬಳಿಗೆ ಹೋಗುವುದೆಂದರೆ ಆಸೆ ಬಿಟ್ಟಂತೆ ಎಂದು ಭಾವಿಸಬಾರದು. ಅದು ರೋಗಿಗೆ ನೆಮ್ಮದಿಯ ದಿನಗಳನ್ನು ದೊರಕಿಸಿದಂತೆ.

ಮಕ್ಕಳ ಪ್ರಶ್ನೆಗಳು

ಮನೆಯಲ್ಲಿ ಸಾವಾದಾಗ ಹಿರಿಯರು ಮಾಡುವ ಮೊದಲ ಕೆಲಸ ಮಕ್ಕಳನ್ನು ಪಕ್ಕದ ಮನೆಗೆ ಕಳುಹಿಸುವುದು. ‘ಅಮ್ಮ ಊರಿಗೆ ಹೋಗಿದ್ದಾರೆ’ ಎಂದರೆ ಮಗು ಬಾಗಿಲಲ್ಲಿ ಕಾಯುತ್ತದೆ. ‘ನಿದ್ದೆ ಹೋಗಿದ್ದಾರೆ’ ಎಂದರೆ ತಾನು ನಿದ್ದೆ ಮಾಡಲು ಅಂಜುತ್ತದೆ. ನಾಲ್ಕೈದು ವರ್ಷದ ಮಗುವಿಗೆ ಸತ್ತವರು ಮರಳಿ ಬಾರರೆಂಬುದು ಒಮ್ಮೆಗೇ ಅರ್ಥವಾಗುವುದಿಲ್ಲ. ಮತ್ತೆ ಮತ್ತೆ ಕೇಳುತ್ತದೆ. ಬೇಸರಿಸದೆ ಮತ್ತೆ ಮತ್ತೆ ಹೇಳಬೇಕು. ತನ್ನ ತುಂಟತನದಿಂದಲೇ ಹೀಗಾಯಿತೇನೋ ಎಂಬ ಗುಟ್ಟಾದ ಅಳುಕು ಎಷ್ಟೋ ಮಕ್ಕಳಲ್ಲಿರುತ್ತದೆ. ‘ನಿನ್ನಿಂದ ಆದದ್ದಲ್ಲ’ ಎಂದು ಬಾಯಿಬಿಟ್ಟು ಹೇಳುವುದು ಅಗತ್ಯ.

ಬೆಳೆದ ಮಕ್ಕಳ ಭಯ ಬೇರೆ. ‘ಇದು ನನಗೂ ಬರುತ್ತದೆಯೆ?’ ಕ್ಯಾನ್ಸರ್ ಮುಟ್ಟಿದರೆ ಅಂಟುವ ಜಾಡ್ಯವಲ್ಲ. ವಂಶಪಾರಂಪರ್ಯವಾಗಿ ಬರುವುದು ಒಟ್ಟು ಕ್ಯಾನ್ಸರುಗಳಲ್ಲಿ ನೂರಕ್ಕೆ 5ರಿಂದ 10ರಷ್ಟು ಮಾತ್ರ. ಒಂದೇ ಮನೆತನದಲ್ಲಿ ಹಲವರಿಗೆ, ಅದರಲ್ಲಿಯೂ ಎಳೆಯ ವಯಸ್ಸಿನಲ್ಲಿ, ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ವೈದ್ಯರ ಸಲಹೆಯನ್ನು ಪಡೆಯಬೇಕು. ಮಿಕ್ಕವರು ಆ ಭಯವನ್ನು ರಾತ್ರಿಯ ನಿದ್ದೆಗೆ ಎಡೆಮಾಡಿಕೊಡದ ಅತಿಥಿಯಂತೆ ಸಾಕಬೇಕಾಗಿಲ್ಲ.

ವೈಕುಂಠ ಸಮಾರಾಧನೆಯ ಬಳಿಕ

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿಯನ್ನು ಬಿಟ್ಟು ಬಂದ ದಿನದಿಂದ ಹದಿಮೂರನೆಯ ದಿನದವರೆಗೆ ಮನೆಯ ತುಂಬ ಜನ. ಯಾರಿಗೂ ಅಳಲು ಬಿಡುವಿಲ್ಲ. ಹದಿನಾಲ್ಕನೆಯ ದಿನ ಬಾಡಿಗೆಯ ಕುರ್ಚಿಗಳು ಹೋಗುತ್ತವೆ, ನೆಂಟರು ರೈಲು ಹತ್ತುತ್ತಾರೆ. ಆಗ ಮೇಜಿನ ಮೇಲೆ ಮಾತ್ರೆಗಳ ಡಬ್ಬಿಯೂ ಕನ್ನಡಕವೂ ಕಾಣುತ್ತವೆ. ಕ್ಯಾನ್ಸರ್ ರೋಗಿಯನ್ನು ನೋಡಿಕೊಂಡವರಿಗೆ ಈ ಖಾಲಿತನ ಇಮ್ಮಡಿ. ತಿಂಗಳುಗಟ್ಟಲೆ ಔಷಧ, ಗಂಜಿ, ರಾತ್ರಿಯ ಜಾಗರಣೆಗಳಲ್ಲಿ ಕಟ್ಟಿಹಾಕಿಕೊಂಡ ಕೈಗಳಿಗೆ ಒಮ್ಮೆಗೇ ಕೆಲಸವಿಲ್ಲ. ‘ಅಂತೂ ಮುಗಿಯಿತು’ ಎಂಬ ನಿಟ್ಟುಸಿರೂ ಬರುತ್ತದೆ, ಅದರ ಬೆನ್ನಿಗೇ ಪಾಪಪ್ರಜ್ಞೆಯೂ ಬರುತ್ತದೆ. ಇದು ಸಹಜ. ನೋವು ಮುಗಿಯಲೆಂದು ಬಯಸುವುದು ಆ ವ್ಯಕ್ತಿ ಹೋಗಲೆಂದು ಬಯಸುವುದಲ್ಲ.

ದುಃಖಕ್ಕೆ ಐದು ಮೆಟ್ಟಿಲುಗಳಿವೆಯೆಂದು ಬಹಳ ಮಂದಿ ಕೇಳಿದ್ದಾರೆ. ಎಲಿಸಬೆತ್ ಕ್ಯೂಬ್ಲರ್-ರಾಸ್ ಅವರು 1969ರಲ್ಲಿ ಆ ಮಾತನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಕಂಡು. ಉಳಿದವರೆಲ್ಲರೂ ಅದೇ ಮೆಟ್ಟಿಲುಗಳನ್ನು ವರಸೆಯಾಗಿ ಹತ್ತಬೇಕೆಂಬ ನಿಯಮವಿಲ್ಲ. ಈಚಿನ ವಿದ್ವಾಂಸರು ಬೇರೆಯ ಚಿತ್ರವನ್ನು ಕೊಡುತ್ತಾರೆ. 1999ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು, ದುಃಖಿತನು ತೂಗುಯ್ಯಾಲೆಯಂತೆ ಒಮ್ಮೆ ನೆನಪಿನ ಕಡೆಗೂ ಒಮ್ಮೆ ದಿನದ ಬಾಳಿನ ಕಡೆಗೂ ಹೋಗಿಬರುತ್ತಾನೆ, ಹಾಗೆ ಓಲಾಡುವುದೇ ಆರೋಗ್ಯದ ಲಕ್ಷಣ ಎಂದರು. ಬೆಳಿಗ್ಗೆ ಅತ್ತು ಸಂಜೆ ಸಿನಿಮಾ ನೋಡಿ ನಕ್ಕವನು ಕೃತಘ್ನನಲ್ಲ. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಗ್ರಂಥವೊಂದು, ಅಗಲಿದವರನ್ನು ಮರೆತರೇ ಗುಣವೆಂಬ ಹಳೆಯ ವಾದವನ್ನು ತಿರಸ್ಕರಿಸಿ, ಅವರೊಡನೆ ಬಂಧವನ್ನು ಬೇರೊಂದು ರೂಪದಲ್ಲಿ ಉಳಿಸಿಕೊಳ್ಳುವುದೇ ಸಹಜವೆಂದು ಸಾರಿತು. ವರ್ಷಾಬ್ದಿಕವನ್ನೂ ಮಹಾಲಯವನ್ನೂ ಆಚರಿಸುವ ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ನಲವತ್ತನೆಯ ದಿನ ಪ್ರಾರ್ಥನೆ ಸಲ್ಲಿಸುವ ಮುಸಲ್ಮಾನ ಕುಟುಂಬಗಳಿಗೂ, ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ದೀಪ ಹಚ್ಚುವ ಕ್ರೈಸ್ತ ಬಂಧುಗಳಿಗೂ ಹೊಸದಲ್ಲ.

ಆದರೂ ಕೆಲವರಲ್ಲಿ ದುಃಖ ಗಟ್ಟಿಯಾಗಿ ನಿಂತುಬಿಡುತ್ತದೆ. ಆರು ತಿಂಗಳಿಗೂ ಮೀರಿ ಊಟ, ನಿದ್ದೆ, ಉದ್ಯೋಗಗಳು ಹಳಿಗೆ ಬಾರದೆ, ಬದುಕೇ ಬೇಡವೆನಿಸುವಂತಾದರೆ ಅದನ್ನು ವಿಧಿಯೆಂದು ಸುಮ್ಮನಿರಬಾರದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯು ದೀರ್ಘಕಾಲ ಹಿಡಿದಿಡುವ ಇಂಥ ಶೋಕವನ್ನು ಚಿಕಿತ್ಸೆಗೆ ಅರ್ಹವೆಂದು ಗುರುತಿಸಿದೆ. ಬದುಕೇ ಬೇಡವೆಂಬ ಯೋಚನೆ ಬಂದರಂತೂ ಆರು ತಿಂಗಳು ಕಾಯುವುದೂ ತಪ್ಪು. ಅದೇ 2022ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ, ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಮತ್ತೆ ಬೊಂಬೆ ಕೂರಿಸಿದ ವರ್ಷ

ನಮ್ಮ ಮನೆಯಲ್ಲಿ ಮೊದಲ ವರ್ಷ ತಾಯಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ತಂದೆಯವರು ನೊಂದಾರೆಂದು ನಾವು ಸುಮ್ಮನಿದ್ದೆವು. ನಾವು ನೊಂದೇವೆಂದು ಅವರು ಸುಮ್ಮನಿದ್ದರು. ರೋಗದ ಕಾಲದಲ್ಲಿ ಕಲಿತ ನಾಟಕವನ್ನೇ ಮುಂದುವರಿಸಿದ್ದೆವು.

ಎರಡನೆಯ ವರ್ಷದ ನವರಾತ್ರಿಗೆ ನನ್ನ ಹೆಂಡತಿ ಬೊಂಬೆಯ ಪೆಟ್ಟಿಗೆಯನ್ನು ಇಳಿಸಿದಳು. ಪಟ್ಟದ ಬೊಂಬೆಗಳೆರಡನ್ನೂ ತಾಯಿ ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು. ಎಂಟು ವರ್ಷದ ನನ್ನ ಮಗಳು ಅದನ್ನು ಬಿಚ್ಚುತ್ತ, “ತಾತ, ಅಜ್ಜಿ ಇದನ್ನ ಯಾವ ಮೆಟ್ಟಿಲಲ್ಲಿ ಇಡ್ತಿದ್ರು?” ಎಂದಳು. ನಾವೆಲ್ಲ ಉಸಿರು ಬಿಗಿಹಿಡಿದೆವು. ತಂದೆಯವರು ಕುರ್ಚಿಯಿಂದ ಎದ್ದು ಬಂದು, “ಎಲ್ಲಕ್ಕಿಂತ ಮೇಲೆ. ಅವಳ ಮದುವೇಲಿ ಅವಳ ಅಪ್ಪ ಕೊಟ್ಟಿದ್ದು ಇದು” ಎಂದು ಮೊದಲುಮಾಡಿದರು. ಅಂದು ರಾತ್ರಿ ಹನ್ನೊಂದರವರೆಗೆ ಅವರು ಮಾತನಾಡಿದರು. ನಾವು ಎಂದೂ ಕೇಳದಿದ್ದ ಎಷ್ಟೋ ಸಂಗತಿಗಳು ಹೊರಬಂದವು. ಅತ್ತೆವು, ನಕ್ಕೆವು ಕೂಡ.

ಅಕ್ಕ ಈಗ ಪ್ರತಿ ಗೌರಿ ಹಬ್ಬಕ್ಕೂ ತಾಯಿಯ ಮಾತಿನಂತೆ ಬಾಗಿನವನ್ನು ನೋಡಿಕೊಳ್ಳುತ್ತಾಳೆ. ನನ್ನ ಪಾಲಿಗೆ ಉಳಿದಿರುವುದು ತಡೆದ ಮಾತಿನ ನೆನಪು. ವಾಚಕರ ಮನೆಯಲ್ಲಿ ಇಂದು ಯಾರಾದರೂ ಹಾಸಿಗೆ ಹಿಡಿದಿದ್ದರೆ, ಸಂಜೆ ಅವರ ಬಳಿ ಅರ್ಧ ಗಂಟೆ ಕುಳಿತು, ಅವರು ಹೇಳುವುದನ್ನು ತಡೆಯದೆ ಕೇಳಲಿ ಎಂಬುದೇ ನನ್ನ ಬಿನ್ನಹ.